ಪತ್ರಕರ್ತರು ಸಾರ್ವಜನಿಕ ಸೇವೆಗೆ ಹೊರಟಾಗ: ಯಾವ ದಾರಿ, ಯಾರಿಗೆ, ಯಾವಾಗ

ಒಂದೇ ಕೆರೆಯ ಒತ್ತುವರಿ ಬಗ್ಗೆ ಹತ್ತು ಸಲ ಬರೆದು, ಹತ್ತು ಸಲವೂ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಕೇಳಿದ ವರದಿಗಾರರಿಗೆ ಒಂದು ದಿನ ಅನ್ನಿಸುತ್ತದೆ: ಬರೆದದ್ದು ಸಾಕು, ಇನ್ನು ಒಳಗೆ ಹೋಗಿ ಮಾಡಬೇಕು. ಕನ್ನಡ ಪತ್ರಿಕೋದ್ಯಮದಲ್ಲಿ ಇದು ಹಳೆಯ ಆಸೆ. 1913ರಲ್ಲಿ ‘ಕರ್ನಾಟಕ’ ಪತ್ರಿಕೆ ಆರಂಭಿಸಿದ ಡಿ.ವಿ. ಗುಂಡಪ್ಪ ಮುಂದೆ ಮೈಸೂರು ಸಂಸ್ಥಾನದ ಶಾಸನ ಪರಿಷತ್ತಿನಲ್ಲಿ ಕುಳಿತರು. ‘ಕರ್ಮವೀರ’ದ ಆರ್.ಆರ್. ದಿವಾಕರ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾಗಿ, ಆಮೇಲೆ ಬಿಹಾರದ ರಾಜ್ಯಪಾಲರಾದರು. ‘ಪ್ರಪಂಚ’ದ ಪಾಟೀಲ ಪುಟ್ಟಪ್ಪ 1962ರಿಂದ ಹನ್ನೆರಡು ವರ್ಷ ರಾಜ್ಯಸಭೆಯಲ್ಲಿದ್ದರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರೂ ಅವರೇ.

ಈಗ ಕರ್ನಾಟಕದ ಪತ್ರಕರ್ತರ ಮುಂದೆ ಮುಖ್ಯವಾಗಿ ಐದು ದಾರಿಗಳಿವೆ: ಮುಖ್ಯಮಂತ್ರಿ ಅಥವಾ ಸಚಿವರ ಮಾಧ್ಯಮ ಸಲಹೆಗಾರರಾಗುವುದು, ನಾಮನಿರ್ದೇಶನದ ಹುದ್ದೆ, ಮಾಹಿತಿ ಆಯೋಗ, ಚುನಾವಣೆ, ಸ್ವಂತ ನಾಗರಿಕ ಸಂಸ್ಥೆ. ಹೆಚ್ಚಿನವರು ಇವನ್ನು ಸಂಬಳ, ದರ್ಜೆ, ಕಾರು ಇಟ್ಟುಕೊಂಡು ಹೋಲಿಸುತ್ತಾರೆ. ನಾವು ಎರಡು ಬೇರೆ ಪ್ರಶ್ನೆ ಕೇಳುತ್ತೇವೆ. ಆ ಕುರ್ಚಿಯಿಂದ ನಿಮ್ಮನ್ನು ಇಳಿಸುವ ಅಧಿಕಾರ ಯಾರ ಕೈಯಲ್ಲಿದೆ? ಆ ಬಾಗಿಲು ಹೊಕ್ಕ ಮೇಲೆ ಬೇರೆ ಯಾವ ಬಾಗಿಲು ಮುಚ್ಚಿಕೊಳ್ಳುತ್ತದೆ? ಮೊದಲ ಉತ್ತರ ಗೊತ್ತಾದರೆ ನೀವು ದಿನನಿತ್ಯ ಯಾರಿಗೆ ತಲೆಬಾಗಬೇಕು ಎಂಬುದು ಗೊತ್ತಾಗುತ್ತದೆ. ಎರಡನೆಯದು ಗೊತ್ತಾದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ತಿಳಿಯುತ್ತದೆ.

ಮಾಧ್ಯಮ ಸಲಹೆಗಾರ: ಒಬ್ಬರೇ ಒಡೆಯರು

ಇಲ್ಲಿ ನಿಮ್ಮನ್ನು ಇಳಿಸುವುದು ಒಬ್ಬ ವ್ಯಕ್ತಿ. ಅವರ ಅಧಿಕಾರ ಹೋದ ದಿನ ನಿಮ್ಮ ಹುದ್ದೆಯೂ ಹೋಗುತ್ತದೆ. ‘ಪ್ರಜಾವಾಣಿ’ಯಲ್ಲಿದ್ದ ದಿನೇಶ್ ಅಮಿನ್ ಮಟ್ಟು 2013ರಿಂದ 2018ರವರೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮಾಧ್ಯಮ ಸಲಹೆಗಾರರಾಗಿದ್ದರು. 2023ರಲ್ಲಿ ಆ ಜಾಗಕ್ಕೆ ಬಂದ ಕೆ.ವಿ. ಪ್ರಭಾಕರ್ ಕೂಡ ಪತ್ರಕರ್ತರೇ. ಸರ್ಕಾರ ತೀರ್ಮಾನ ಕೈಗೊಳ್ಳುವ ಕೋಣೆಗೆ ಇಷ್ಟು ಬೇಗ ಕರೆದೊಯ್ಯುವ ದಾರಿ ಬೇರೆ ಇಲ್ಲ. ಒಂದು ಯೋಜನೆಯ ಕಡತ ಆರ್ಥಿಕ ಇಲಾಖೆಯಲ್ಲಿ ಯಾಕೆ ನಿಂತಿತು, ಯಾವ ಮಾತಿಗೆ ಯಾವ ಶಾಸಕರು ಮುನಿದರು ಎಂಬುದನ್ನು ಹೊರಗಿನ ವರದಿಗಾರರು ಹತ್ತು ವರ್ಷದಲ್ಲಿ ಕಲಿಯುವುದಕ್ಕಿಂತ ಹೆಚ್ಚಾಗಿ ಇಲ್ಲಿ ಒಂದು ವರ್ಷದಲ್ಲಿ ಕಲಿಯಬಹುದು.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ಕೆಲಸದ ಗಡಿ ಬರೆದುಕೊಳ್ಳದಿರುವುದು. ನೇಮಕಾತಿ ಆದೇಶದಲ್ಲಿ ದರ್ಜೆ ಮತ್ತು ಸೌಲಭ್ಯ ಇರುತ್ತದೆ. ಯಾವ ಸಭೆಗೆ ಪ್ರವೇಶ, ವಾರ್ತಾ ಇಲಾಖೆಯ ಆಯುಕ್ತರಿಗೂ ನಿಮಗೂ ಸಂಬಂಧವೇನು, ಪತ್ರಿಕಾ ಹೇಳಿಕೆಗೆ ಅಂತಿಮ ಒಪ್ಪಿಗೆ ಯಾರದು ಎಂಬುದು ಇರುವುದಿಲ್ಲ. ಇದನ್ನು ಮೊದಲ ವಾರದಲ್ಲೇ ಟಿಪ್ಪಣಿ ಮಾಡಿ ಒಪ್ಪಿಗೆ ಪಡೆಯಿರಿ, ಆರು ತಿಂಗಳಾದ ಮೇಲೆ ಯಾರೂ ಕೊಡುವುದಿಲ್ಲ. ಎರಡನೆಯದು, ಹಳೆಯ ಸಹೋದ್ಯೋಗಿಗಳು. ಜಾಹೀರಾತು ಬಿಡುಗಡೆ, ವರ್ಗಾವಣೆ, ನಿವೇಶನ, ಆಸ್ಪತ್ರೆ ಬಿಲ್ಲು, ಎಲ್ಲಕ್ಕೂ ನಿಮ್ಮ ಫೋನೇ ಮೊದಲು ಬಡಿದುಕೊಳ್ಳುತ್ತದೆ. ಚಿಕಿತ್ಸೆಗೆ ನೆರವು ಕೇಳಿದವರಿಗೆ ಪರಿಹಾರ ನಿಧಿಯ ದಾರಿ ತೋರಿಸಿ. ಜಾಹೀರಾತು ಮತ್ತು ವರ್ಗಾವಣೆಗೆ ಒಂದೇ ಒಂದು ಶಿಫಾರಸು ಮಾಡಿದರೂ ಮರುದಿನದಿಂದ ನಿಮ್ಮ ಕೆಲಸ ಅದೇ ಆಗುತ್ತದೆ. ಮೂರನೆಯದು, ಅಂಕಣವನ್ನು ಮುಂದುವರಿಸುವ ಆಸೆ. ಸರ್ಕಾರದ ಮಾತು ಬರೆಯುವ ಕೈಯಲ್ಲೇ ಸ್ವತಂತ್ರ ಅಂಕಣ ಬರೆದರೆ ಓದುಗರು ಎರಡನ್ನೂ ನಂಬುವುದಿಲ್ಲ.

ಹಿಂದಿರುಗುವುದು ಸಾಧ್ಯ. ಆದರೆ ಅಭಿಪ್ರಾಯ ಬರೆಯುವವರಾಗಿ ಮಾತ್ರ, ರಾಜಕೀಯ ವರದಿಗಾರರಾಗಿ ಅಲ್ಲ. ರಾಜಕೀಯ ಬೀಟ್‌ನ ಬಾಗಿಲು ಶಾಶ್ವತವಾಗಿ ಮುಚ್ಚಿತು ಎಂದುಕೊಂಡೇ ಹೊರಡಿ.

ನಾಮನಿರ್ದೇಶನ: ಅಕಾಡೆಮಿಯೂ ಪರಿಷತ್ತೂ ಒಂದೇ ಅಲ್ಲ

ಅಕಾಡೆಮಿ, ಪ್ರಾಧಿಕಾರ, ನಿಗಮಗಳ ಅಧ್ಯಕ್ಷ ಸ್ಥಾನವನ್ನೂ ವಿಧಾನ ಪರಿಷತ್ ಸದಸ್ಯತ್ವವನ್ನೂ ಜನ ‘ನಾಮನಿರ್ದೇಶನ’ ಎಂಬ ಒಂದೇ ಮಾತಿನಲ್ಲಿ ಸೇರಿಸುತ್ತಾರೆ. ಎರಡರ ಗಟ್ಟಿತನ ಬೇರೆ ಬೇರೆ.

ಅಕಾಡೆಮಿಯ ಅಧ್ಯಕ್ಷರನ್ನು ಸರ್ಕಾರ ಒಂದು ಆದೇಶದಿಂದ ನೇಮಿಸುತ್ತದೆ, ಇನ್ನೊಂದು ಆದೇಶದಿಂದ ತೆಗೆಯುತ್ತದೆ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾದ ಕೂಡಲೇ ನಿಗಮ ಮಂಡಳಿಗಳ ಹಿಂದಿನ ನಾಮನಿರ್ದೇಶನಗಳೆಲ್ಲ ರದ್ದಾದವು. ಆದ್ದರಿಂದ ಮೂರು ವರ್ಷದ ಯೋಜನೆ ಹಾಕುವವರು ಮೊದಲ ಹನ್ನೆರಡು ತಿಂಗಳಲ್ಲಿ ಮುಗಿಯುವ ಕೆಲಸವನ್ನೇ ಮೊದಲಿಡಬೇಕು. ಮಾಧ್ಯಮ ಅಕಾಡೆಮಿಯಂಥ ಕಡೆ ಕೈಯಲ್ಲಿರುವುದು ಪ್ರಶಸ್ತಿ, ಫೆಲೋಶಿಪ್, ತರಬೇತಿ, ಪ್ರಕಟಣೆ. ಹಣ ಸಣ್ಣದು, ಅದರಲ್ಲೂ ಸಮಾರಂಭಗಳೇ ದೊಡ್ಡ ಪಾಲು ತಿನ್ನುತ್ತವೆ. ಗ್ರಾಮೀಣ ವರದಿಗಾರರಿಗೆ ದಾಖಲೆ ಓದುವ ತರಬೇತಿ ಕೊಡುವುದು ಪ್ರಶಸ್ತಿ ಪ್ರದಾನದಷ್ಟು ಫೋಟೊ ತರುವುದಿಲ್ಲ. ಆದರೂ ಅಧ್ಯಕ್ಷರ ಹೆಸರು ಉಳಿಯುವುದು ಅದರಿಂದಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿದ್ದು ರಾಜ್ಯಪಾಲರು ನಾಮನಿರ್ದೇಶನ ಮಾಡುವುದು 11. ಅವಧಿ ಆರು ವರ್ಷ, ಸರ್ಕಾರ ಬದಲಾದರೂ ಸ್ಥಾನ ಅಲುಗುವುದಿಲ್ಲ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಸಂವಿಧಾನದ 171(5)ನೇ ವಿಧಿ ಹೆಸರಿಸುವ ಕ್ಷೇತ್ರಗಳು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಮತ್ತು ಸಮಾಜಸೇವೆ. ಪತ್ರಿಕೋದ್ಯಮ ಎಂಬ ಪದ ಅಲ್ಲಿ ಇಲ್ಲ. ಹಾಗಾಗಿ ಪತ್ರಕರ್ತರ ಹೆಸರು ಹೋಗುವಾಗ ಸಾಹಿತ್ಯ ಅಥವಾ ಸಮಾಜಸೇವೆಯ ಅಡಿಯಲ್ಲೇ ಹೋಗಬೇಕು, ರಾಜಭವನ ವಿವರ ಕೇಳಿದರೆ ತೋರಿಸಲು ಪುಸ್ತಕ, ಸಂಘಟನೆ, ಸೇವಾ ಕಾರ್ಯದ ದಾಖಲೆ ಬೇಕು. ವ್ಯಕ್ತಿಪರಿಚಯದಲ್ಲಿ ‘30 ವರ್ಷ ಪತ್ರಕರ್ತ’ ಎಂದಷ್ಟೇ ಬರೆದು ಕೊಡಬೇಡಿ. ಪಟ್ಟಿಯಲ್ಲಿ ಹೆಸರು ಬಂದಿತೆಂದು ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಬೇಡಿ. ಅಧಿಸೂಚನೆ ಹೊರಬೀಳುವವರೆಗೆ ಪಟ್ಟಿ ಎಷ್ಟು ಸಲ ಬೇಕಾದರೂ ಬದಲಾಗಬಹುದು.

ಮಾಹಿತಿ ಆಯೋಗ: ಪತ್ರಕರ್ತರ ಹೆಸರು ಕಾನೂನಿನಲ್ಲೇ ಇರುವ ಹುದ್ದೆ

2005ರ ಮಾಹಿತಿ ಹಕ್ಕು ಕಾಯ್ದೆಯ 15(5)ನೇ ಕಲಂ ರಾಜ್ಯ ಮಾಹಿತಿ ಆಯುಕ್ತರಾಗುವವರ ಹಿನ್ನೆಲೆ ಹೇಳುವಾಗ ಕಾನೂನು, ವಿಜ್ಞಾನ, ಸಮಾಜಸೇವೆ, ಆಡಳಿತಗಳ ಜೊತೆಗೆ ಪತ್ರಿಕೋದ್ಯಮ ಮತ್ತು ಸಮೂಹ ಮಾಧ್ಯಮವನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಐದು ದಾರಿಗಳಲ್ಲಿ ಪತ್ರಕರ್ತರ ಕಸುಬಿಗೆ ಅತ್ಯಂತ ಹತ್ತಿರದ್ದು ಇದೇ. ದಾಖಲೆ ಎಲ್ಲಿ ಅಡಗಿರುತ್ತದೆ, ಯಾವ ಗುಮಾಸ್ತರ ಬಳಿ ವಹಿ ಇರುತ್ತದೆ, ‘ಕಡತ ಲಭ್ಯವಿಲ್ಲ’ ಎಂದರೆ ಅದರ ಅರ್ಥವೇನು ಎಂಬುದು ವರದಿಗಾರರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಆಯ್ಕೆ ಹೀಗೆ ನಡೆಯುತ್ತದೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ ಅರ್ಜಿ ಕರೆಯುತ್ತದೆ. ಮುಖ್ಯಮಂತ್ರಿ, ವಿಧಾನಸಭೆಯ ವಿರೋಧ ಪಕ್ಷದ ನಾಯಕರು ಮತ್ತು ಮುಖ್ಯಮಂತ್ರಿ ಹೆಸರಿಸುವ ಒಬ್ಬ ಸಚಿವರ ಸಮಿತಿ ಶಿಫಾರಸು ಮಾಡುತ್ತದೆ, ರಾಜ್ಯಪಾಲರು ನೇಮಿಸುತ್ತಾರೆ. ಮುಖ್ಯ ಆಯುಕ್ತರಲ್ಲದೆ ಗರಿಷ್ಠ ಹತ್ತು ಆಯುಕ್ತರಿರಬಹುದು. 2019ರ ನಿಯಮಗಳ ಪ್ರಕಾರ ಅವಧಿ ಮೂರು ವರ್ಷ, ಸಂಬಳ ತಿಂಗಳಿಗೆ 2.25 ಲಕ್ಷ ರೂಪಾಯಿ. 65 ವರ್ಷ ತುಂಬಿದ ಮೇಲೆ ಹುದ್ದೆಯಲ್ಲಿರುವಂತಿಲ್ಲ, ಅದೇ ಹುದ್ದೆಗೆ ಮರುನೇಮಕವೂ ಇಲ್ಲ. ಲೆಕ್ಕ ಹಾಕಿ: ಪೂರ್ಣ ಅವಧಿ ಬೇಕೆಂದರೆ 62ರೊಳಗೆ ನೇಮಕವಾಗಬೇಕು, ಆಯ್ಕೆಗೆ ಹಿಡಿಯುವ ಕಾಲವನ್ನೂ ಸೇರಿಸಿದರೆ 60ರ ಆಸುಪಾಸಿನಲ್ಲೇ ಅರ್ಜಿ ಹಾಕಬೇಕು. ನಿವೃತ್ತಿಯ ನಂತರ ನೋಡಿಕೊಳ್ಳೋಣ ಎಂದವರ ಸಮಯ ಅಲ್ಲಿಗೇ ಮುಗಿದಿರುತ್ತದೆ.

ಇಳಿಸುವುದು ಸುಲಭವಲ್ಲ. ಸಾಬೀತಾದ ದುರ್ವರ್ತನೆ ಅಥವಾ ಅಸಮರ್ಥತೆಯ ಆರೋಪಕ್ಕೆ ರಾಜ್ಯಪಾಲರು ಸುಪ್ರೀಂ ಕೋರ್ಟಿಗೆ ಬರೆದು, ಅಲ್ಲಿ ವಿಚಾರಣೆಯಾಗಿ, ಆಮೇಲಷ್ಟೇ ತೆಗೆಯಬಹುದು. ಸುದ್ದಿಮನೆಯಲ್ಲಿ ಇಂಥ ರಕ್ಷಣೆ ಯಾವ ಸಂಪಾದಕರಿಗೂ ಇಲ್ಲ. ಅದಕ್ಕೆ ಪ್ರತಿಯಾಗಿ 15(6)ನೇ ಕಲಂ ಕಟ್ಟುನಿಟ್ಟಾಗಿದೆ: ಶಾಸಕರಾಗಿರಬಾರದು, ಲಾಭದಾಯಕ ಹುದ್ದೆಯಲ್ಲಿರಬಾರದು, ಯಾವ ಪಕ್ಷದ ಸಂಬಂಧವೂ ಇರಬಾರದು, ವ್ಯವಹಾರ ಅಥವಾ ವೃತ್ತಿ ನಡೆಸಬಾರದು. ಅಂಕಣ, ಚಾನೆಲ್ ಚರ್ಚೆ, ಸ್ವಂತ ಜಾಲತಾಣ ಎಲ್ಲ ನಿಲ್ಲಬೇಕು. ಇನ್ನೊಂದು ಪರಿಣಾಮವೂ ಇದೆ. ಪಕ್ಷದ ಟಿಕೆಟ್ ಪಡೆದವರು ಅಥವಾ ರಾಜಕೀಯ ನಾಯಕರ ಸಲಹೆಗಾರರಾಗಿದ್ದವರು ಆಮೇಲೆ ಇಲ್ಲಿಗೆ ಅರ್ಜಿ ಹಾಕಿದರೆ ಆಕ್ಷೇಪ ಖಂಡಿತ. ಎರಡೂ ಬೇಕೆನ್ನುವವರು ಮೊದಲು ಆಯೋಗ, ಆಮೇಲೆ ರಾಜಕೀಯ ಎಂಬ ಕ್ರಮ ಇಟ್ಟುಕೊಳ್ಳಬೇಕು. ತಿರುವುಮುರುವಾದರೆ ದಾರಿ ಕಠಿಣ.

ಒಳಗೆ ಹೋದ ಮೇಲೆ ಪತ್ರಕರ್ತರು ಎಡವುವುದು ಆದೇಶ ಬರೆಯುವಾಗ. ಆಯೋಗದ ಆದೇಶವನ್ನು ಸಂಪಾದಕೀಯದಂತೆ ಬರೆಯಲಾಗದು. 20ನೇ ಕಲಂ ಅಡಿ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು, ಆದರೆ ಮಾಹಿತಿ ಅಧಿಕಾರಿಗೆ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಯಾವ ದಿನದಿಂದ ಯಾವ ದಿನದವರೆಗೆ ವಿಳಂಬ, ಕೊಟ್ಟ ಕಾರಣ ಯಾಕೆ ಒಪ್ಪಲಾಗದು ಎಂಬುದನ್ನು ಆದೇಶದಲ್ಲೇ ದಾಖಲಿಸಬೇಕು. ಅಧಿಕಾರಿ ಉಡಾಫೆಯಿಂದ ಮಾತಾಡಿದರು ಎಂಬ ಸಿಟ್ಟಿನಲ್ಲಿ ಮೊದಲ ವಿಚಾರಣೆಯಲ್ಲೇ ದಂಡ ಹಾಕಿದರೆ ಹೈಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ, ಮಾಹಿತಿ ಕೇಳಿದವರು ಇನ್ನೆರಡು ವರ್ಷ ಕಾಯಬೇಕಾಗುತ್ತದೆ. ನಿಮ್ಮ ಹಿಂದಿನ ಪತ್ರಿಕೆ, ಅದರ ಮಾಲೀಕರ ಬೇರೆ ವ್ಯವಹಾರ, ನೀವೇ ವರದಿ ಮಾಡಿದ್ದ ಹಗರಣ ಕಡತದಲ್ಲಿ ಬಂದರೆ ಆ ಪ್ರಕರಣ ಇನ್ನೊಬ್ಬ ಆಯುಕ್ತರಿಗೆ ಹೋಗಲಿ. ಅರ್ಜಿ ಹಾಕುವ ಮುಂಚೆ ಮಾಡಬೇಕಾದ ತಯಾರಿ ಇಷ್ಟು: ಯಾವ ಮಾಹಿತಿಯನ್ನು ಕೊಡದಿರಬಹುದು ಎಂದು ಹೇಳುವ 8ನೇ ಕಲಮಿನ ವಿನಾಯಿತಿಗಳನ್ನು ಒಂದೊಂದಾಗಿ ತೀರ್ಪುಗಳ ಜೊತೆ ಓದಿ. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಸ್ವರೂಪವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬದಲಿಸಿದೆ, ಹಳೆಯ ಟಿಪ್ಪಣಿ ನಂಬಿ ಕೂರಬೇಡಿ. ಆಯೋಗದ ವಿಚಾರಣೆಗಳಿಗೆ ಹೋಗಿ ಒಂದಷ್ಟು ದಿನ ಹಿಂದೆ ಕುಳಿತು ಕೇಳಿ. ಬೆಂಗಳೂರಿನ ಮಾಹಿತಿ ಸೌಧದಲ್ಲಿ ಮಾತ್ರವಲ್ಲ, ಬೆಳಗಾವಿ ಮತ್ತು ಕಲಬುರಗಿ ಪೀಠಗಳಲ್ಲೂ ಇದು ಸಾಧ್ಯ.

ಚುನಾವಣೆ: ಪಂಚಾಯಿತಿಗೂ ವಿಧಾನಸಭೆಗೂ ಅಜಗಜಾಂತರ

ತೇಜಸ್ವಿನಿ 2004ರಲ್ಲಿ ಕಿರುತೆರೆಯ ಪತ್ರಕರ್ತೆಯಾಗಿ ಪರಿಚಿತ ಮುಖ. ಆ ವರ್ಷ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು ಸೋಲಿಸಿದರು. 2009ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಸೋತರು. ಅಂಕಣಕಾರರಾಗಿ ಹೆಸರಾಗಿದ್ದ ಪ್ರತಾಪ್ ಸಿಂಹ ಮೈಸೂರಿನಿಂದ 2014 ಮತ್ತು 2019ರಲ್ಲಿ ಗೆದ್ದರು, 2024ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ. ದೊಡ್ಡ ಚುನಾವಣೆಯಲ್ಲಿ ಇಳಿಸುವವರು ಮತದಾರರು ಎಂಬುದು ಅರ್ಧ ಮಾತ್ರ ನಿಜ. ಮತದಾರರ ಮುಂದೆ ಹೋಗುವ ಮುಂಚೆಯೇ ಪಕ್ಷದ ವರಿಷ್ಠರು ಇಳಿಸಬಲ್ಲರು. ಪರಿಚಿತ ಮುಖ ಮೊದಲ ಟಿಕೆಟ್ ತಂದುಕೊಡುತ್ತದೆ, ಮೂರನೆಯದನ್ನು ತರುವುದು ಬೂತ್ ಮಟ್ಟದ ಜನ.

ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದಕ್ಕಿಂತ ಹೆಚ್ಚು ಬಾರದಿದ್ದರೆ ಹೋಯಿತು. ಪಕ್ಷೇತರರಿಗೆ ಹತ್ತು ಸೂಚಕರು ಬೇಕು. ವೆಚ್ಚದ ಮಿತಿ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪ್ರತ್ಯೇಕ ಬ್ಯಾಂಕ್ ಖಾತೆ ನಾಮಪತ್ರದ ಹಿಂದಿನ ದಿನದೊಳಗೆ ತೆರೆಯಬೇಕು, ಫಲಿತಾಂಶ ಬಂದ 30 ದಿನದಲ್ಲಿ ಲೆಕ್ಕ ಕೊಡಬೇಕು. ಸೋತ ಬೇಸರದಲ್ಲಿ ಲೆಕ್ಕ ಕೊಡದವರು ಮೂರು ವರ್ಷ ಅನರ್ಹರಾಗಬಹುದು. ಸೋತವರೇ ಇದರಲ್ಲಿ ಹೆಚ್ಚು ಸಿಕ್ಕಿಕೊಳ್ಳುತ್ತಾರೆ.

ಪತ್ರಕರ್ತರಿಗೇ ವಿಶೇಷವಾದ ಅಪಾಯ ಮಾನನಷ್ಟ ಮೊಕದ್ದಮೆ. ವರ್ಷಗಟ್ಟಲೆ ಯಾವುದೋ ತಾಲ್ಲೂಕು ನ್ಯಾಯಾಲಯದಲ್ಲಿ ಮಲಗಿರುವ ಖಾಸಗಿ ದೂರು ಕೂಡ ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಬರಬೇಕು, ಅಭ್ಯರ್ಥಿಯೇ ಅದನ್ನು ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು. ಪ್ರಮಾಣಪತ್ರದ ಯಾವುದಾದರೂ ಅಂಕಣ ಖಾಲಿ ಬಿಟ್ಟು, ಚುನಾವಣಾಧಿಕಾರಿ ತಿಳಿಸಿದ ಮೇಲೂ ತುಂಬದಿದ್ದರೆ ನಾಮಪತ್ರವೇ ತಿರಸ್ಕೃತ. ಇನ್ನೂ ದೊಡ್ಡದೊಂದಿದೆ. ಕ್ರಿಮಿನಲ್ ಮಾನನಷ್ಟಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ, ಜನಪ್ರತಿನಿಧಿಯ ಅನರ್ಹತೆ ಶುರುವಾಗುವುದೂ ಎರಡು ವರ್ಷದ ಶಿಕ್ಷೆಯಿಂದಲೇ. 2019ರಲ್ಲಿ ಕೋಲಾರದಲ್ಲಿ ಆಡಿದ ಮಾತಿಗೆ ಸೂರತ್ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ಎರಡು ವರ್ಷ ಶಿಕ್ಷೆ ಕೊಟ್ಟಾಗ ರಾಹುಲ್ ಗಾಂಧಿ ಲೋಕಸಭಾ ಸದಸ್ಯತ್ವ ಕಳೆದುಕೊಂಡರು. ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟ ಮೇಲೆಯೇ ಅದು ಮರಳಿದ್ದು. ಆದ್ದರಿಂದ ಟಿಕೆಟ್ ಕೇಳುವ ಮುಂಚೆ ನಿಮ್ಮ ಹೆಸರಿರುವ ಎಲ್ಲ ಮೊಕದ್ದಮೆಗಳ ಪಟ್ಟಿಯನ್ನು ಸಂಸ್ಥೆಯ ಕಾನೂನು ವಿಭಾಗದಿಂದ ಪಡೆಯಿರಿ. ಕೆಲಸ ಬಿಟ್ಟ ಮೇಲೂ ವಕೀಲರ ಖರ್ಚು ಸಂಸ್ಥೆಯೇ ನೋಡಿಕೊಳ್ಳುತ್ತದೆ ಎಂಬುದು ಬರಹದಲ್ಲಿರಲಿ.

ಅಂಕಣ ಮತ್ತು ಕಾರ್ಯಕ್ರಮವನ್ನು ನಾಮಪತ್ರಕ್ಕಿಂತ ಬಹಳ ಮೊದಲೇ ನಿಲ್ಲಿಸಿ. ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿ ಅದನ್ನು ಕಾಸಿಗಾಗಿ ಸುದ್ದಿ ಎಂದು ಪರಿಗಣಿಸಿದರೆ ಜಾಹೀರಾತು ದರದಲ್ಲಿ ಲೆಕ್ಕ ಕಟ್ಟಿ ನಿಮ್ಮ ವೆಚ್ಚಕ್ಕೆ ಸೇರಿಸುತ್ತದೆ.

ಪದವೀಧರರೇ ಮತ ಹಾಕಿ ವಿಧಾನ ಪರಿಷತ್ತಿಗೆ ಸದಸ್ಯರನ್ನು ಆರಿಸುವ ಪದವೀಧರ ಕ್ಷೇತ್ರ ಮಧ್ಯದ ದಾರಿ. ರಾಜ್ಯದಲ್ಲಿ ಇಂಥ ಏಳು ಕ್ಷೇತ್ರಗಳಿವೆ. ಅಭ್ಯರ್ಥಿಗೆ 30 ವರ್ಷವಾಗಿರಬೇಕು, ಪದವಿ ಕಡ್ಡಾಯವಲ್ಲ. ಪರಿಷತ್ ಚುನಾವಣೆಗೆ ವೆಚ್ಚದ ಮಿತಿಯೂ ಇಲ್ಲ, ಹಣವಂತರಿಗೆ ಅದೊಂದು ಅನುಕೂಲ. ಆದರೆ ಗೆಲುವು ಸೋಲು ನಿರ್ಧಾರವಾಗುವುದು ಪ್ರಚಾರದಲ್ಲಲ್ಲ, ನೋಂದಣಿಯಲ್ಲಿ. ಪ್ರತಿ ಚುನಾವಣೆಗೂ ಮತದಾರರ ಪಟ್ಟಿ ಹೊಸದಾಗಿ ತಯಾರಾಗುತ್ತದೆ, ಕಳೆದ ಸಲ ಮತ ಹಾಕಿದವರೂ ನೋಂದಣಿಯ ಅರ್ಜಿಯಾದ ನಮೂನೆ 18 ಮತ್ತೆ ತುಂಬಬೇಕು. ಮತದಾರರು ಪದವಿ ಪಡೆದು ಮೂರು ವರ್ಷವಾಗಿರಬೇಕು. ನಿಮ್ಮ ಬರಹ ಮೆಚ್ಚುವ ಸಾವಿರಾರು ಓದುಗರು ಪಟ್ಟಿಯಲ್ಲೇ ಇಲ್ಲದಿದ್ದರೆ ಆ ಮೆಚ್ಚುಗೆಗೆ ಬೆಲೆಯಿಲ್ಲ. ಚುನಾವಣೆಯ ಹಿಂದಿನ ವರ್ಷದ ಅಕ್ಟೋಬರ್ ಬರುವ ಮೊದಲೇ ಕಾಲೇಜು, ವಕೀಲರ ಸಂಘ, ಬ್ಯಾಂಕ್, ಪಂಚಾಯಿತಿ ಕಚೇರಿಗಳಲ್ಲಿ ಅರ್ಜಿ ತುಂಬಿಸುವ ತಂಡ ಬೇಕು. ಅದು ಕಟ್ಟಲಾಗದವರು ಈ ದಾರಿಗೆ ಬರಬೇಡಿ.

ಗ್ರಾಮ ಪಂಚಾಯಿತಿಯ ಲೆಕ್ಕವೇ ಬೇರೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು, ವಯಸ್ಸು 21, ಪಕ್ಷದ ಚಿಹ್ನೆ ಇಲ್ಲ, ಗೌರವಧನ ತಿಂಗಳಿಗೆ 2,000 ರೂಪಾಯಿ ಆಸುಪಾಸು. ತಾಲ್ಲೂಕು ಕೇಂದ್ರದಲ್ಲಿ ಬಿಡಿ ಸುದ್ದಿಗಾರರಾಗಿ ಬದುಕುತ್ತಿರುವವರಿಗೆ ಆದಾಯ ಬಿಡದೆ ಒಳಗಿನ ಆಡಳಿತ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಕ್ರಿಯಾ ಯೋಜನೆ ಓದಲು ಬರುವ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಓದಿ ಹೇಳಿದ ನಡಾವಳಿಯೂ ಬರೆದಿಟ್ಟ ನಡಾವಳಿಯೂ ಒಂದೇನಾ ಎಂದು ತಾಳೆ ನೋಡುವ ಒಬ್ಬರೇ ಸದಸ್ಯರಿದ್ದರೂ ಪಂಚಾಯಿತಿಯ ಸಭೆ ಬದಲಾಗುತ್ತದೆ. ಷರತ್ತು ಒಂದೇ: ನಿಮ್ಮ ಪಂಚಾಯಿತಿಯ ಸುದ್ದಿಯನ್ನು ನೀವು ಬರೆಯಬಾರದು, ಡೆಸ್ಕಿಗೆ ಇದನ್ನು ಮೊದಲೇ ತಿಳಿಸಿರಬೇಕು. ಮೀಸಲಾತಿ ಪ್ರತಿ ಸಲ ಬದಲಾಗುತ್ತದೆ, ಆದ್ದರಿಂದ ಒಂದೇ ವಾರ್ಡಿನ ಮೇಲೆ ಐದು ವರ್ಷದ ಆಸೆ ಕಟ್ಟಬೇಡಿ.

ನಗರದವರು ಇನ್ನೊಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. ಬೆಂಗಳೂರಿನ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ವಾರ್ಡುಗಳ ಗಡಿಯೇ ಬದಲಾಯಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೂ 2021ರ ನಂತರ ಇದೇ ಗತಿ. ಸ್ಥಳೀಯ ಚುನಾವಣೆ ‘ಇನ್ನೇನು ಬಂತು’ ಎಂಬ ಮಾತಿಗೆ ಕೆಲಸ ಬಿಟ್ಟವರು ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದಾರೆ. ವೇಳಾಪಟ್ಟಿ ಪ್ರಕಟವಾಗುವವರೆಗೆ ರಾಜೀನಾಮೆ ಬೇಡ.

ಸ್ವಂತ ಸಂಸ್ಥೆ: ನಿಧಾನ, ಆದರೆ ನಿಮ್ಮದು

ಡಿವಿಜಿಯವರು ಪತ್ರಿಕೆ ನಡೆಸಿದರು, ಶಾಸನ ಪರಿಷತ್ತಿನಲ್ಲಿ ಕುಳಿತರು. ಆಮೇಲೆ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ನಾಗರಿಕರಿಗೆ ರಾಜ್ಯಾಡಳಿತದ ತಿಳಿವಳಿಕೆ ಕೊಡುವುದು, ಅಧ್ಯಯನ ಗೋಷ್ಠಿ ನಡೆಸುವುದು, ಸಾರ್ವಜನಿಕ ವಿಷಯಗಳ ಬಗ್ಗೆ ಪತ್ರಿಕೆ ತರುವುದು ಅದರ ಕೆಲಸ. ಅವರ ಮೂರು ಸಾರ್ವಜನಿಕ ಕೆಲಸಗಳಲ್ಲಿ ಇಂದಿಗೂ ಬಾಗಿಲು ತೆರೆದಿರುವುದು ಇದೊಂದೇ.

ಈಗಿನ ಬೆಂಗಳೂರಿನಲ್ಲೂ ಉದಾಹರಣೆಗಳಿವೆ. ಪತ್ರಕರ್ತೆಯಾಗಿ ಬರೆಯುತ್ತಲೇ ಕಾತ್ಯಾಯಿನಿ ಚಾಮರಾಜ್ ಸಿವಿಕ್ ಸಂಸ್ಥೆಯ ಮೂಲಕ ವಾರ್ಡ್ ಸಮಿತಿ, ಪಡಿತರ, ಶಾಲೆಗಳ ವಿಷಯ ಹಿಡಿದು ದಶಕಗಳ ಕಾಲ ಕೆಲಸ ಮಾಡಿದರು. 2008ರಲ್ಲಿ ಶುರುವಾದ ಸಿಟಿಜನ್ ಮ್ಯಾಟರ್ಸ್ ಜಾಲತಾಣ ಸುದ್ದಿಯನ್ನೂ ನಾಗರಿಕ ಕೆಲಸವನ್ನೂ ಒಂದೇ ಸೂರಿನಡಿ ತಂದಿತು.

ಸೊಸೈಟಿಯೋ, ಟ್ರಸ್ಟೋ, ಕಂಪನಿಯೋ ಎಂಬುದು ಮೊದಲ ಪ್ರಶ್ನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸೊಸೈಟಿಗೆ ಕನಿಷ್ಠ ಏಳು ಜನ ಬೇಕು, ಚುನಾವಣೆ ನಡೆಯಬೇಕು, ಹಾಗಾಗಿ ನೀವು ಕಟ್ಟಿದ ಸಂಸ್ಥೆಯಿಂದ ಸದಸ್ಯರೇ ನಿಮ್ಮನ್ನು ಇಳಿಸಬಲ್ಲರು. ಟ್ರಸ್ಟಿನಲ್ಲಿ ಆ ಭಯ ಕಡಿಮೆ, ಅದಕ್ಕೇ ಸ್ಥಾಪಕರ ಮನೆಯ ಆಸ್ತಿಯಂತಾಗುವ ಅಪಾಯ ಹೆಚ್ಚು. ಕಂಪನಿ ಕಾಯ್ದೆಯ ಎಂಟನೇ ಕಲಮಿನಡಿಯ ಲಾಭರಹಿತ ಕಂಪನಿಗೆ ಇಬ್ಬರು ನಿರ್ದೇಶಕರು ಸಾಕು, ಲೆಕ್ಕಪತ್ರದ ಶಿಸ್ತು ಮಾತ್ರ ಬಿಗಿ. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಹಣ ಬೇಕೆನ್ನುವವರಿಗೆ ಈ ರೂಪವೇ ಅನುಕೂಲ. 12ಎ ಮತ್ತು 80ಜಿ ಎಂದು ಪರಿಚಿತವಾದ, ಸಂಸ್ಥೆಗೂ ದಾನಿಗಳಿಗೂ ಆದಾಯ ತೆರಿಗೆ ರಿಯಾಯಿತಿ ಕೊಡುವ ನೋಂದಣಿ ಮೊದಲು ತಾತ್ಕಾಲಿಕವಾಗಿ ಮೂರು ವರ್ಷಕ್ಕೆ ಸಿಗುತ್ತದೆ, ನವೀಕರಣದ ದಿನ ತಪ್ಪಿದರೆ ದಾನಿಗಳು ಕೈಬಿಡುತ್ತಾರೆ.

ಪತ್ರಕರ್ತರು ಬೀಳುವ ಗುಂಡಿ ವಿದೇಶಿ ದೇಣಿಗೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಮೂರನೇ ಕಲಂ ನೋಂದಾಯಿತ ಪತ್ರಿಕೆಗಳ ವರದಿಗಾರರು, ಅಂಕಣಕಾರರು, ಸಂಪಾದಕರು, ಮಾಲೀಕರು ವಿದೇಶಿ ದೇಣಿಗೆ ಪಡೆಯುವುದನ್ನೇ ನಿಷೇಧಿಸುತ್ತದೆ. ಚುನಾವಣಾ ಅಭ್ಯರ್ಥಿಗಳಿಗೂ ಶಾಸಕರಿಗೂ ಇದೇ ನಿಷೇಧ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗ ಗೆಳೆಯರು ‘ನಾವು ಕಳಿಸುತ್ತೇವೆ’ ಎಂದಾಗ ಅವರ ಪೌರತ್ವ ಕೇಳಿ. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟ ಹಣಕ್ಕೆ ತೊಡಕಿಲ್ಲ, ಬೇರೆ ದೇಶದ ಪೌರರಾದವರ ಹಣ ವಿದೇಶಿ ದೇಣಿಗೆಯೇ.

ಇಲ್ಲಿ ಇಳಿಸುವವರು ದಾನಿಗಳು. ಒಬ್ಬರೇ ದಾನಿಯಿಂದ ಅರ್ಧಕ್ಕಿಂತ ಹೆಚ್ಚು ಹಣ ಬರುತ್ತಿದ್ದರೆ ಅವರೇ ನಿಮ್ಮ ಸಂಪಾದಕರಾಗುತ್ತಾರೆ. ನೂರು ಜನರಿಂದ ತಿಂಗಳಿಗೆ ಐನೂರರಂತೆ ಕೂಡಿಸುವುದು ಬೇಸರದ ಕೆಲಸ, ಆದರೆ ಆ ಐವತ್ತು ಸಾವಿರ ಯಾರೊಬ್ಬರ ಮುನಿಸಿಗೂ ನಿಲ್ಲುವುದಿಲ್ಲ.

ಯಾರಿಗೆ ಯಾವುದು

ನಲವತ್ತರೊಳಗಿನವರಿಗೆ, ಊರಿನಲ್ಲಿ ಬೇರಿರುವವರಿಗೆ ಪಂಚಾಯಿತಿ ಅಥವಾ ವಾರ್ಡ್. ಕಡತದ ಒಳಗು ತಿಳಿಯುವ ಹಸಿವಿದ್ದು, ಮತ್ತೆ ರಾಜಕೀಯ ವರದಿಗೆ ಮರಳುವ ಆಸೆ ಇಲ್ಲದವರಿಗೆ ಸಲಹೆಗಾರರ ಹುದ್ದೆ. ಐವತ್ತೈದು ದಾಟಿದ, ಯಾವ ಪಕ್ಷದ ವೇದಿಕೆಯನ್ನೂ ಹತ್ತದ, ಕಾನೂನು ಓದುವ ತಾಳ್ಮೆ ಇರುವ ವರದಿಗಾರರಿಗೆ ಮಾಹಿತಿ ಆಯೋಗವನ್ನು ಬಿಟ್ಟು ಬೇರೇನನ್ನೂ ನಾವು ಮೊದಲು ಹೇಳುವುದಿಲ್ಲ. ವಿಧಾನಸಭೆಯ ಟಿಕೆಟನ್ನು ಹಣದ ಬೆಂಬಲ ಇಲ್ಲದ ಪತ್ರಕರ್ತರಿಗೆ ನಾವು ಶಿಫಾರಸು ಮಾಡುವುದಿಲ್ಲ. ಸಾಲ ಮಾಡಿ ಸ್ಪರ್ಧಿಸಿದವರು ಗೆದ್ದ ಮೇಲೆ ಯಾರಿಗೆ ಋಣಿ ಎಂಬುದನ್ನು ನೀವೇ ಎಷ್ಟೋ ಸಲ ಬರೆದಿದ್ದೀರಿ.

ಹೊರಡುವ ಮುಂಚೆ

ಕನಿಷ್ಠ ಹದಿನೆಂಟು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿರಲಿ. ಕಚೇರಿಯ ಗುಂಪು ಆರೋಗ್ಯ ವಿಮೆ ಕೊನೆಯ ದಿನವೇ ನಿಲ್ಲುತ್ತದೆ, ಸ್ವಂತ ಪಾಲಿಸಿ ಅದಕ್ಕೆ ಮೊದಲೇ ಆಗಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕಾರ್ಯನಿರತ ಪತ್ರಕರ್ತರಿಗೆ ಗ್ರಾಚ್ಯುಟಿ ಅರ್ಹತೆ ಐದರ ಬದಲು ಮೂರು ವರ್ಷ, ಕೇಳಿ ಪಡೆಯಿರಿ. ಭವಿಷ್ಯ ನಿಧಿಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಒಂಬತ್ತು ವರ್ಷಕ್ಕೆ ಬಿಟ್ಟು ಬಂದು ಪಿಂಚಣಿಯ ಹಣ ಹಿಂಪಡೆದವರಿಗೆ ಅದರ ನಷ್ಟ ತಿಳಿಯುವುದು 58ಕ್ಕೆ.

ಹೊಸ ಹುದ್ದೆಯ ಮಾತುಕತೆ ಶುರುವಾದ ದಿನವೇ ಸಂಪಾದಕರಿಗೆ ತಿಳಿಸಿ, ಆ ವ್ಯಕ್ತಿ ಅಥವಾ ಪಕ್ಷದ ಸುದ್ದಿಯಿಂದ ದೂರ ಸರಿಯಿರಿ. ಮಾತುಕತೆ ನಡೆಯುತ್ತಿದ್ದಾಗ ಬರೆದ ಒಂದು ಹೊಗಳಿಕೆಯ ವರದಿ ಆಮೇಲೆ ಇಪ್ಪತ್ತು ವರ್ಷದ ಬರಹವನ್ನೆಲ್ಲ ಅನುಮಾನಕ್ಕೆ ತಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಮೂಲಗಳು. ನಿಮ್ಮನ್ನು ನಂಬಿ ಕಡತದ ಪ್ರತಿ ಕೊಟ್ಟ ಗುಮಾಸ್ತರು, ಹೆಸರು ಬೇಡವೆಂದ ಎಂಜಿನಿಯರ್, ರಾತ್ರಿ ಫೋನ್ ಮಾಡುತ್ತಿದ್ದ ಶಿಕ್ಷಕಿ. ನಾಳೆ ನೀವು ಅವರ ಮೇಲಧಿಕಾರಿಯ ಪಕ್ಕದಲ್ಲಿ ಕೂರುತ್ತೀರಿ. ಹಳೆಯ ನೋಟ್‌ಬುಕ್‌ಗಳನ್ನು ಕಚೇರಿಯಲ್ಲಿ ಬಿಡಬೇಡಿ, ಸರ್ಕಾರಿ ಫೋನಿಗೆ ಹಳೆಯ ಸಂಖ್ಯೆಗಳನ್ನು ವರ್ಗಾಯಿಸಬೇಡಿ. ಅವರೊಬ್ಬೊಬ್ಬರಿಗೂ ನೀವೇ ಫೋನ್ ಮಾಡಿ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಹೇಳಿ, ಅವರ ಹೆಸರು ನಿಮ್ಮ ಬಾಯಿಂದ ಎಂದೂ ಬರುವುದಿಲ್ಲ ಎಂದು ಮಾತು ಕೊಡಿ. ಆ ಕರೆಗಳೆಲ್ಲ ರಾಜೀನಾಮೆ ಪತ್ರ ಕೊಡುವುದಕ್ಕೆ ಮೊದಲೇ ಮುಗಿದಿರಲಿ.